ಎಂಜಿನ್ನಿನ ಫೋಟೋದಲ್ಲಿ ಒಂದು ಕಪ್ಪು ಮೂಲೆ

ನನ್ನ ಟ್ರಂಕಿನಲ್ಲಿರುವ ಫೋಟೋಗಳನ್ನು ಕಂಡವರು, ಪಾಪ, ಇವನಿಗೆ ಹಿಂದೆ ಮುಂದೆ ಯಾರೂ ಇದ್ದಂತಿಲ್ಲ ಎಂದುಕೊಂಡಾರು. ಮದುವೆಯಿಲ್ಲ, ತೊಟ್ಟಿಲಿಲ್ಲ, ಬರೀ ರೈಲು, ಬರೀ ಸ್ಟೇಷನ್ನು. ಹೋದ ಊರಿನಲ್ಲೆಲ್ಲ ದೇವರ ದರ್ಶನಕ್ಕಿಂತ ಮೊದಲು ಸ್ಟೇಷನ್ನಿನ ದರ್ಶನ ಮಾಡಿದ ಪಾಪಿ ನಾನು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಬುದ್ಧಿಯಿದ್ದ ಫೋಟೋಗ್ರಾಫರರು ಕಲಬುರಗಿಗೆ ಬಂದರೆ ಕೋಟೆಯ ಮುಂದೆ ಕ್ಯಾಮೆರಾ ಹೂಡುತ್ತಿದ್ದರು. ಕೋಟೆಯಂಥ ಗಿರಾಕಿ ಇನ್ನೊಂದಿಲ್ಲ. ನೂರಾರು ವರ್ಷಗಳಿಂದ ಅಲುಗದೆ ನಿಂತಿದೆ, ಕಣ್ಣು ಮಿಟುಕಿಸುವುದಿಲ್ಲ. ನನಗೋ, ನಿಂತಲ್ಲಿ ನಿಲ್ಲದ್ದೇ ಬೇಕು.

ನಮ್ಮ ಕಮಲಾಪುರಕ್ಕೆ ರೈಲು ಬಂದಿರಲಿಲ್ಲ. ಸಾಲಿ ಮಾಸ್ತರನಾದ ನಾನು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಚಿತ್ರ ತೆಗೆಯುವಾಗ ತಲೆಗೆ ಹೊದೆಯುವ ಕರಿ ಅರಿವೆ ಹೊತ್ತು ಬಂಡಿ ಏರಿದರೆ, ಮಾಸ್ತರಿಗೆ ಕರಿ ಅರಿವೆಯ ಹುಚ್ಚು ಹಿಡಿದಿದೆ ಎಂದು ಊರು ನಗುತ್ತಿತ್ತು. ನಗದವಳು ನನ್ನ ಸೋದರತ್ತೆ ನೀಲಮ್ಮ ಒಬ್ಬಳೇ. ಅವಳ ಮಗ ಶರಣಪ್ಪ ಮನೆಯಲ್ಲಿ ಹೇಳದೆ ಓಡಿಹೋಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದಿದ್ದ. ಅವನು ಮತ್ತೆ ಹೊಸ್ತಿಲು ತುಳಿಯಕೂಡದೆಂದು ಅವನ ಅಪ್ಪ ಆಣೆ ಇಟ್ಟಿದ್ದ. ನಾಲ್ಕು ವರ್ಷವಾಗಿತ್ತು. ಅತ್ತೆಗೆ ಕೀಲುನೋವು, ಬಂಡಿ ಏರಿ ಕಲಬುರಗಿಗೆ ಹೋಗಲಾರಳು. ಶರಣಪ್ಪನ ಗಾಡಿ ಮಂಗಳವಾರ ಅಲ್ಲಿ ನಿಲ್ಲುತ್ತದೆಂದು ಸುದ್ದಿ ಬಂದಾಗ ಅವಳು ಗಂಡನಿಗೆ ಕಾಣದಂತೆ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ನನ್ನ ಕೈಗಿಟ್ಟಳು. "ಮಾರಿ ಒಂದು ಕಾಣೋಹಂಗ ತಗೊಂಡು ಬಾರೋ. ಅಷ್ಟು ಸಾಕು," ಎಂದಳು.

ಆಗ ಚಿತ್ರ ಮೂಡುತ್ತಿದ್ದುದು ಗಾಜಿನ ಮೇಲೆ. ನನ್ನ ಬಳಿ ನಾಲ್ಕು ಗಾಜುಗಳಿದ್ದವು. ಗಾಡಿ ತಡವಾಯಿತು. ನಾನು ಸುಮ್ಮನೆ ಕೂಡುವ ಪೈಕಿಯೇ? ಸ್ಟೇಷನ್ನಿನ ಬಾಗಿಲಿಗೊಂದು, ಗಡಿಯಾರಕ್ಕೊಂದು, ಖಾಲಿ ಹಳಿಗೊಂದು ಎಂದು ಮೂರನ್ನು ಮುಗಿಸಿದೆ. ಗಾಡಿ ಬಂದಾಗ ಉಳಿದದ್ದು ಒಂದೇ. ಶರಣಪ್ಪ ಕೆಳಗಿಳಿಯುವಂತಿರಲಿಲ್ಲ, ಎಂಜಿನ್ನು ನೀರು ಕುಡಿಯುವಷ್ಟು ಹೊತ್ತು, ಅಷ್ಟೇ. ಮಸಿ ಮುಖ ಒರೆಸಿಕೊಂಡು ಉಸಿರು ಬಿಗಿಹಿಡಿದು ಎಂಜಿನ್ನಿನ ಮೆಟ್ಟಿಲ ಮೇಲೆ ನಿಂತ. ತೆಗೆದೆ. ಬಾಳೆಹಣ್ಣು ಕೊಟ್ಟೆ. ಗಾಡಿ ಹೊರಟುಹೋಯಿತು.

ಕ್ಯಾಮೆರಾದ ದೊಡ್ಡ ದೋಷವೆಂದರೆ ಅದಕ್ಕೆ ಸಂಕೋಚವಿಲ್ಲ. ನಾವು ನಮಗೆ ಬೇಕಾದವರನ್ನಷ್ಟೇ ನೋಡುತ್ತೇವೆ. ಅದು ಎದುರಿಗಿದ್ದವರನ್ನೆಲ್ಲ ನೋಡುತ್ತದೆ. ಅರಿವೆ ಮಡಚುವಷ್ಟರಲ್ಲಿ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ಶೇರವಾನಿ ತೊಟ್ಟ ಹಿರಿಯ ಸಾಹೇಬರು. ಎಂಜಿನ್ನಿನ ಬೆನ್ನಿಗಿದ್ದದ್ದು ಹೆಂಗಸರ ಜನಾನಾ ಡಬ್ಬಿ. ಅದರಿಂದ ಇಳಿದ ಅವರ ಹೊಸ ಸೊಸೆ, ಸೋಲಾಪುರದ ಹುಡುಗಿ, ಎಂಜಿನ್ನು ನೋಡಲೆಂದು ಒಂದು ಗಳಿಗೆ ಮುಸುಕು ಎತ್ತಿದ್ದಳಂತೆ. ಅದೇ ಗಳಿಗೆಯಲ್ಲಿ ನನ್ನ ಪೆಟ್ಟಿಗೆ ಕಣ್ಣು ತೆರೆದಿತ್ತಂತೆ.

ಜನ ಕೂಡಿದರು. ಒಬ್ಬ ಕೊರಳಪಟ್ಟಿ ಹಿಡಿದ, ಇನ್ನೊಬ್ಬ ಸ್ಟ್ಯಾಂಡು ಕೆಡವಿದ. ಪೆಟ್ಟಿಗೆ ಬಿಚ್ಚಿ ತೋರಿಸು ಎಂದರು. ಬಿಚ್ಚಿದರೆ ಗಾಜಿನ ಮೇಲೆ ಬೆಳಕು ಬಿದ್ದು ಶರಣಪ್ಪ ಅಲ್ಲಿಗೆ ಮುಗಿದ. ಬಿಚ್ಚದಿದ್ದರೆ ನಾನು ಮುಗಿದೆ. ಗಾಜು ತೊಳೆದು ಚಿತ್ರ ಮೂಡಿಸಿ ತೋರಿಸೋಣವೆಂದರೆ, ಹುಡುಗಿ ಅದರಲ್ಲಿದ್ದರೆ ಊರೆಲ್ಲ ಅವಳನ್ನು ನೋಡಿದಂತಾಯಿತು. ಇದ್ದಾಳೋ ಇಲ್ಲವೋ, ನನಗೂ ಗೊತ್ತಿಲ್ಲ. ನೀವೇ ಹೇಳಿ, ಏನು ಮಾಡುತ್ತಿದ್ದಿರಿ? ನಾನಂತೂ ಪೆಟ್ಟಿಗೆಯನ್ನು ಎದೆಗವುಚಿಕೊಂಡು ಅತ್ತೆಯ ಕಥೆಯನ್ನೆಲ್ಲ ತಡವರಿಸುತ್ತ ಹೇಳಿದೆ. ಕತ್ತಲ ಕೋಣೆಗೆ ನೀವೊಬ್ಬರೇ ಬನ್ನಿ, ನೋಡಿದ ಮೇಲೆ ಬೇಡವೆನಿಸಿದರೆ ನಿಮ್ಮ ಕೈಯಾರೆ ಒಡೆದುಬಿಡಿ ಎಂದೆ. ಸಾಹೇಬರು ಮನೆಯವರನ್ನು ಟಾಂಗಾ ಹತ್ತಿಸಿ ನನ್ನ ಜೊತೆ ನಡೆದರು.

ಗೆಳೆಯನೊಬ್ಬನ ಮನೆಯ ಕಾಳಿನ ಕೋಣೆ. ಬಾಗಿಲ ಸಂದಿಗೆ ಕಂಬಳಿ, ಕೆಂಪು ಗಾಜಿನ ಲಾಟೀನು. ತಟ್ಟೆಯ ಔಷಧದಲ್ಲಿ ಗಾಜನ್ನು ಅಲುಗಾಡಿಸುತ್ತ ಕೂತೆ. ಇಬ್ಬರ ಉಸಿರೂ ಕೇಳುತ್ತಿತ್ತು. ಮೊದಲು ಎಂಜಿನ್ನು ಮೂಡಿತು, ಆಮೇಲೆ ಶರಣಪ್ಪ. ಗಾಜಿನ ಲೋಕದಲ್ಲಿ ಕರಿಯದೆಲ್ಲ ಬಿಳಿದು. ಮಸಿಯ ಶರಣಪ್ಪ ಹಾಲಿನಲ್ಲಿ ಮಿಂದವನಂತಿದ್ದ. ಕೊನೆಗೆ ಮೂಲೆಯಲ್ಲಿ ಆ ಹುಡುಗಿಯೂ ಮೂಡಿದಳು. ಮುಸುಕು ಎತ್ತಿದ್ದಳು, ಬಾಯಿ ತುಸು ತೆರೆದಿತ್ತು. ಎಂಜಿನ್ನು ಕಂಡರೆ ನಾನು ಬಾಯಿ ಬಿಡುವುದೂ ಹಾಗೆಯೇ.

ತೊಳೆದ ಗಾಜನ್ನು ಸಾಹೇಬರು ಎತ್ತಿ ಹಿಡಿದರು. ಒಡೆದೇ ಬಿಟ್ಟರೆಂದು ನಾನು ಕಣ್ಣು ಮುಚ್ಚಿದೆ. ಸದ್ದಾಗಲಿಲ್ಲ. ಅವರು ಚಾಕು ಕೇಳುತ್ತಿದ್ದರು.

"ಆ ತಾಯಿಯ ಮಗನ್ನ ನಾ ಯಾಕ ಒಡೀಲಿ ಮಾಸ್ತರ? ನಮ್ಮ ಮನೀದಷ್ಟೇ ತೆಗದು ಬಿಡ್ತೀನಿ."

ಮೂಲೆಯನ್ನು ತಾವೇ ಕೆರೆದರು. ಚಾಕು ಜಾರಿ ಎಂಜಿನ್ನಿನ ಒಂದು ಗಾಲಿಯೂ ತುಸು ಹೋಯಿತು. ಸಲಾಂ ಹೇಳಿ ಹೊರಟುಹೋದರು.

ಗಾಜಿನಲ್ಲಿ ಕೆರೆದ ಜಾಗ ಕಾಗದದ ಮೇಲೆ ಕಪ್ಪಾಗಿ ಬೀಳುತ್ತದೆ. ಆ ಫೋಟೋವನ್ನು ಅತ್ತೆ ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಸೊರಗಿದ್ದಾನೆ ಎಂದಳು, ಅತ್ತಳು, ನಕ್ಕಳು. ನನಗೆ ಜಂಭ ಬಂತು. ಕಳ್ಳನಂತೆ ಸಿಕ್ಕಿಬಿದ್ದವನು ಊರಿಗೆ ಬಂದು ಹೇಳುವಾಗ ವೀರನೇ ಆಗುತ್ತಾನೆ. ನನ್ನ ಧೈರ್ಯ, ನನ್ನ ಉಪಾಯ, ಸಾಹೇಬರ ದೊಡ್ಡತನ, ಎಲ್ಲವನ್ನೂ ಬಣ್ಣಿಸಿದೆ. ಅತ್ತೆ ಕೇಳುತ್ತಲೇ ಇದ್ದಳು. ಅವಳ ಬೆರಳು ಮಗನ ಮುಖದಿಂದ ಸರಿದು ಆ ಕಪ್ಪು ಮೂಲೆಗೆ ಹೋಗಿ ನಿಂತಿತು.

"ಈ ಹುಡುಗಿ ಅವ್ವ ಸೋಲಾಪುರದಾಗ ಕುಂತಾಳಲ್ಲೋ," ಎಂದಳು. "ಅಕೀಗಿ ಏನ್ ತೋರಸ್ತಿ?"