ಒಣ ಹೊಲದಲ್ಲಿ ತೊಯ್ದ ದಾರ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಕಂಡರೆ ಸಿಟ್ಟೂ ಬರುತ್ತಿತ್ತು. ಯಾರಾದರೂ ‘ಕಣ್ಣಾರೆ ಕಂಡದ್ದು’ ಎಂದು ಶುರುಮಾಡಿದರೆ ಸಾಕು, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ, ಅದಕ್ಕೆ ಮುಂಚೆ ಏನು ತಿಂದಿದ್ದಿರಿ ಎಂದು ಪಾಟೀಸವಾಲು ಹಾಕಿ ಅವರ ಬಾಯಿ ಮುಚ್ಚಿಸುವುದು ನನಗೊಂದು ಚಟವಾಗಿತ್ತು. ಈಗ ಅದೇ ಸವಾಲುಗಳನ್ನು ನನಗೇ ಹಾಕಿಕೊಳ್ಳಬೇಕಾಗಿದೆ. ಉತ್ತರ ಪ್ರತಿ ಸಲವೂ ಒಂದಿಷ್ಟು ಬೇರೆ ಬರುತ್ತದೆ. ಓದುಗರಿಗೆ ಇದು ಮೊದಲೇ ತಿಳಿದಿರಲಿ. ಕೆಳಗಿನ ಕಥನ ಎಲ್ಲಿ ತೀರ ನುಣುಪಾಗಿ ಹರಿಯುತ್ತದೋ ಅಲ್ಲಿ ನನ್ನನ್ನು ಅನುಮಾನಿಸಿ.

ಎಪ್ಪತ್ತೆಂಟನೆಯ ಇಸವಿ ಇರಬೇಕು. ಎಪ್ಪತ್ತೊಂಬತ್ತೂ ಇರಬಹುದು. ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಗೆಳೆಯ ಖಾಜಾ ಬಜಾರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಶಾಲೆ ಬಿಟ್ಟ ಮೇಲೆ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಬರೆದ ಕಥೆಗಳನ್ನೆಲ್ಲ ಅವನಿಗೆ ಓದಿ ಹೇಳುತ್ತಿದ್ದೆ. “ಇದರಾಗ ಏನೂ ಆಗಂಗ ಇಲ್ಲಲ್ಲೋ ಮಾಸ್ತರಾ” ಎನ್ನುತ್ತಿದ್ದ, ಆದರೂ ಬೆಸುಗೆ ಹಾಕುತ್ತಲೇ ಕೊನೆಯವರೆಗೆ ಕೇಳುತ್ತಿದ್ದ. ನಾನು ಬರೆದದ್ದನ್ನು ಕೇಳುವವರು ಆ ಊರಿನಲ್ಲಿ ಇನ್ನೊಬ್ಬರು ಇರಲಿಲ್ಲ.

ಅವನ ಗಿರಾಕಿಯೊಬ್ಬರು, ರೈಲ್ವೆಯ ಹಳೆಯ ಡ್ರೈವರು, ನಿವೃತ್ತರಾಗಿ ಊರು ಬಿಡುವಾಗ ಖಾಜಾನಿಗೆ ಒಂದು ಉದ್ದನೆಯ ಬಟ್ಟೆಯ ಚೀಲ ಕೊಟ್ಟು ಹೋಗಿದ್ದರು. ಅದರಲ್ಲಿ ಮೂರು ತುಂಡಾಗಿ ಬಿಚ್ಚಿ ಜೋಡಿಸಬಹುದಾದ ಬಿದಿರಿನ ಕೋಲು, ರೇಷ್ಮೆ ದಾರ ಸುತ್ತಿದ ಒಂದು ಗಾಲಿ, ಮೊದಲ ಹಾಳೆಗಳು ಹರಿದುಹೋದ ಇಂಗ್ಲಿಷ್ ಪುಸ್ತಿಕೆ ಇದ್ದವು. ನಮ್ಮ ಹೊಳೆದಂಡೆಯವರು ಗಾಳ ಹಾಕುವ ರೀತಿ ಅದಲ್ಲ. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಗರಿ, ದಾರಗಳಿಂದ ನೊಣದಂಥ ಒಂದನ್ನು ಗಾಳಕ್ಕೆ ಕಟ್ಟಬೇಕು. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಆ ಸುಳ್ಳು ನೊಣವನ್ನು ನಿಜವಾದದ್ದೇ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಮೀನು ಮೋಸಹೋಗಬೇಕು. ಈ ವಿದ್ಯೆ ನನಗೆ ತಕ್ಷಣ ಹಿಡಿಸಿತು. ಕಾರಣ ಓದುಗರು ಊಹಿಸಬಲ್ಲರು.

ಬೇಸಿಗೆ ರಜೆಯಲ್ಲಿ ಖಾಜಾನ ಫಟಫಟಿಯ ಮೇಲೆ ನಾಲ್ಕು ದಿನ ತಿರುಗುವುದೆಂದು ತೀರ್ಮಾನವಾಯಿತು. ಮೊದಲು ಮಾನ್ವಿ, ಅಲ್ಲಿ ತುಂಗಭದ್ರೆಯ ದಂಡೆ. ಆಮೇಲೆ ಸಿರವಾರ, ಅರಕೇರಾ ಮೇಲಿಂದ ದೇವದುರ್ಗ, ಅಲ್ಲಿ ಕೃಷ್ಣೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿಯುವುದರಿಂದ ಮೀನುಗಳು ಒಂದೇ ಕಡೆ ಸಿಗುತ್ತವೆ ಎಂಬುದು ಖಾಜಾನ ಲೆಕ್ಕ. ಪುಸ್ತಿಕೆಯನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುವುದು, ಅವನು ಕೈಯಿಂದ ಮಾಡುವುದು. ಮೇಣ ಹಚ್ಚಿದ ನೂಲು ಬೇಕೆಂದು ಪುಸ್ತಿಕೆ ಹೇಳಿದರೆ ಖಾಜಾ ಕೆಟ್ಟ ಟ್ರಾನ್ಸ್‌ಫಾರ್ಮರಿನಿಂದ ಕೂದಲೆಳೆಯಂಥ ತಾಮ್ರದ ತಂತಿ ಬಿಚ್ಚಿ ಅದರಿಂದಲೇ ಗರಿ ಬಿಗಿದ. ಗರಿಗೆಂದು ಕೋಳಿ ಅಂಗಡಿಗೆ ಹೋಗಿ ಹುಂಜದ ಕುತ್ತಿಗೆಯದನ್ನೇ ಆರಿಸಿ ತಂದ. ಅವನ ತಾಯಿ ಪೊಟ್ಟಣ ಬಿಚ್ಚಿ ನೋಡಿ, “ಕ್ಯಾ ರೇ, ಮುರ್ಗಿ ಛೋಡ್ಕೋ ಪರಾಂ ಲಾಯಾ?” ಎಂದರು. ಕೋಳಿ ಬಿಟ್ಟು ಬರೀ ಗರಿ ತಂದ ಮಗನನ್ನು ಅವರು ಅದಕ್ಕೆ ಮೊದಲು ನೋಡಿರಲಿಲ್ಲ.

ಬೀಸುವುದನ್ನು ಕಲಿಯಲು ಹುಲ್ಲಿನ ಬಯಲು ಬೇಕೆಂದು ಪುಸ್ತಿಕೆಯಲ್ಲಿತ್ತು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಹುಲ್ಲೆಲ್ಲಿ? ನಮ್ಮ ಮಾಳಿಗೆಯ ಮೇಲೆ ಶುರುಮಾಡಿದೆವು. ಮೊದಲನೆಯ ದಿನವೇ ನನ್ನ ದಾರ ಪಕ್ಕದ ಮನೆಯ ಒಣಹಾಕಿದ ಸೀರೆಗೆ ಸುತ್ತಿಕೊಂಡಿತು. ಆ ಮನೆಯ ಅಜ್ಜಿ ಕೆಳಗಿನಿಂದಲೇ, “ಮಾಸ್ತರಾ, ಹೊಳಿಗೆ ಹೋಗಾಕ ಆಗಲಿಲ್ಲಂತ ನಮ್ಮ ಸೀರಿ ಹಿಡಿಯಾಕತ್ತೀರೇನ್ರೀ? ಅದಕ್ಕ ಮುಳ್ಳಿಲ್ಲ, ಹರದರ ಹೊಸಾದು ತರಬೇಕಾಗ್ತದ ನೋಡ್ರಿ” ಎಂದರು. ಅಲ್ಲಿಂದ ಗಾಳದ ಮೊನೆ ಕತ್ತರಿಸಿ ಬರೀ ಗರಿಯ ನೊಣವನ್ನಷ್ಟೇ ದಾರಕ್ಕೆ ಕಟ್ಟಿದೆವು. ಊರ ಹೊರಗೆ ಮಾನ್ವಿ ರಸ್ತೆಯಲ್ಲಿ, ಜೋಳ ಕೊಯ್ದು ಬಿಟ್ಟ ಕರಿಮಣ್ಣಿನ ಒಂದು ಎರೆಹೊಲ ಹುಡುಕಿಕೊಂಡೆವು. ಖಾಜಾ ಹತ್ತು ಮಾರು ದೂರದಲ್ಲಿ ಒಂದು ಡಬ್ಬಿಯ ಮುಚ್ಚಳ ಇಡುತ್ತಿದ್ದ. ನೊಣ ಅದರ ಮೇಲೆ ಇಳಿಯಬೇಕು. ದಿನವೂ ಕುರಿ ಮೇಯಿಸುತ್ತ ಬರುವ ಮಾನಪ್ಪ ಎಂಬ ಹಿರಿಯ ನಮ್ಮ ಪ್ರೇಕ್ಷಕ. “ಇವತ್ತು ಎಷ್ಟು ಬಿದ್ವು ಸರಾ? ನಮ್ಮ ಮನಿಗೂ ಒಂದು ಪಾಲು ಕಳಸ್ರಿ” ಎನ್ನುವುದು ಅವನ ನಿತ್ಯದ ಮಾತು.

ಇಲ್ಲಿ ನನ್ನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಪುಸ್ತಿಕೆಯ ಕೊನೆಯ ಭಾಗದಲ್ಲಿ, ಮೀನುಗಾರನು ಸೊಂಟದ ಮಟ್ಟದ ಹರಿವಿನಲ್ಲಿ ನಿಂತು ಬೀಸಬೇಕೆಂದು ಬರೆದಿತ್ತು. ಖಾಜಾ ಕೇಳಿದ್ದ: “ನಿನಗ ಈಸಾಕ ಬರ್ತದಿಲ್ಲ?” ಬರುತ್ತದೆ ಎಂದಿದ್ದೆ. ಚಿಕ್ಕಂದಿನಲ್ಲಿ ಬಾವಿಯಲ್ಲಿ ಕಲಿತದ್ದಾಗಿ ಒಂದು ಕಥೆಯನ್ನೂ ಹೇಳಿದ್ದೆ. ನನಗೆ ಈಜು ಬರುತ್ತಿರಲಿಲ್ಲ. ಹೊರಡುವ ದಿನ ಹತ್ತಿರ ಬಂದಂತೆ ನೆಪ ಹುಡುಕತೊಡಗಿದೆ. ಶಾಲೆಯಲ್ಲಿ ಕೆಲಸವಿದೆ, ತಂಗಿಯ ಮನೆಗೆ ಹೋಗಬೇಕು ಎಂದೆಲ್ಲ ಎರಡು ಸಲ ಹೇಳಿ ನೋಡಿದ್ದೆ. ಪಾಟೀಸವಾಲು ಹಾಕುವವನು ಮೊದಲು ಎತ್ತುವುದು ಇದನ್ನೇ.

ಹೊರಡುವುದಕ್ಕೆ ಎರಡು ದಿನ ಉಳಿದಿತ್ತು. ಸಂಜೆ ಐದರ ಸುಮಾರು, ಇನ್ನೂ ಬಿಸಿಲು. ಹಾಸಿಗೆಸುರುಳಿ, ಸ್ಟೋವು, ಸಜ್ಜೆರೊಟ್ಟಿಯ ಗಂಟು ಎಲ್ಲವನ್ನೂ ಫಟಫಟಿಗೆ ಕಟ್ಟಿ ಭಾರ ನೋಡುತ್ತ ಅದೇ ಹೊಲಕ್ಕೆ ಬಂದಿದ್ದೆವು. ಅಸರ್ ನಮಾಜಿನ ಹೊತ್ತಾಯಿತೆಂದು ಖಾಜಾ ಚೆಂಬಿನ ನೀರಿನಲ್ಲಿ ಕೈಕಾಲು ಮುಖ ತೊಳೆದುಕೊಂಡ. ಚೆಂಬನ್ನು ನನ್ನ ಹತ್ತಿರ ಇಟ್ಟು, ಬೇವಿನ ಗಿಡದ ಕೆಳಗೆ ಟವೆಲು ಹಾಸಿ ಪಡುವಣಕ್ಕೆ ಮುಖ ಮಾಡಿ ನಿಂತ. ನಾನು ಮೂಡಲಿಗೆ ಮುಖ ಮಾಡಿ ಬೀಸುತ್ತಿದ್ದೆ. ನಮ್ಮಿಬ್ಬರದೂ ಬೆನ್ನಿಗೆ ಬೆನ್ನು. ನಮಾಜಿಗೆ ನಿಂತವನು ಹಿಂದಿರುಗಿ ನೋಡುವಂತಿಲ್ಲ.

ಮುಚ್ಚಳ ತಪ್ಪಿ ನೊಣ ಒಂದು ಬಿರುಕಿನಲ್ಲಿ ಬಿತ್ತು. ಎರೆಭೂಮಿ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಕಾಲು ಸಿಕ್ಕಿಕೊಳ್ಳುವಷ್ಟು ಅಗಲ. ಎಳೆದುಕೊಳ್ಳಲೆಂದು ಕೋಲು ಎತ್ತಿದೆ. ಆಗ ಅತ್ತಲಿಂದ ಎಳೆಯಿತು. ಸಿಕ್ಕಿಹಾಕಿಕೊಂಡಂತೆ ಅಲ್ಲ, ಎಳೆಯಿತು. ಕೋಲಿನ ತುದಿ ನೆಲದ ಕಡೆ ಬಾಗಿತು. ಗಾಲಿ ಕರಕರ ಎಂದು ತಾನಾಗಿ ತಿರುಗಿತು. ದಾರ ಬಿರುಕಿನೊಳಗೆ ನೇರವಾಗಿ ಕೆಳಕ್ಕೆ ಹೋಗುತ್ತಿತ್ತು. ಎಂಟು ಮಾರು ಹೋಗಿರಬಹುದು. ನಿಂತಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಮಿಡಿಯಿತು. ಆಮೇಲೆ ಸಡಿಲಾಯಿತು. ನಾನು ಕೂಗಲಿಲ್ಲ. ಏಕೆ ಕೂಗಲಿಲ್ಲವೆಂದು ಗೊತ್ತಿಲ್ಲ. ಗಾಲಿ ತಿರುಗಿಸಿ ಸುತ್ತಿಕೊಂಡೆ. ಹಳೆಯ ರೇಷ್ಮೆ ದಾರ ಒಣಗಿದ್ದಾಗ ಒಣಹುಲ್ಲಿನ ಬಣ್ಣ, ತೊಯ್ದರೆ ಕಪ್ಪು. ಮೇಲೆ ಬಂದ ದಾರ ಅಷ್ಟುದ್ದಕ್ಕೂ ಕಪ್ಪಾಗಿತ್ತು. ತುದಿಯ ಗರಿ ತಾಮ್ರದ ತಂತಿಗೆ ಅಂಟಿಕೊಂಡು ಹನಿ ಬೀಳುತ್ತಿತ್ತು.

ನಮಾಜು ಮುಗಿಸಿ ಖಾಜಾ ಬಂದ. ಹೇಳಿದೆ. ದಾರ ಮುಟ್ಟಿ ನೋಡಿದ, ಬೆರಳು ಮೂಸಿದ, ಚೆಂಬು ಎತ್ತಿ ಒಳಗೆ ನೋಡಿದ. ತೊಳೆದುಕೊಂಡ ಮೇಲೆ ಅದರಲ್ಲಿ ಎಷ್ಟು ನೀರು ಉಳಿದಿತ್ತೆಂದು ಅವನೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಮಾನಪ್ಪನನ್ನು ಕರೆದು ಅವನ ಕೋಲನ್ನು ಬಿರುಕಿಗೆ ಇಳಿಸಿದೆವು. ಮೊಳದಷ್ಟು ಹೋಗಿ ನಿಂತಿತು. ಅದೇ ಬಿರುಕೆಂದು ನಾನು ತೋರಿಸಿದ್ದೆ. ಆದರೆ ಹೊಲದ ತುಂಬ ಬಿರುಕುಗಳಿದ್ದವು, ನಡುವೆ ಒಮ್ಮೆ ನಾನು ಆಚೆ ತಿರುಗಿದ್ದೆ. ಇಲಿಯೋ ಉಡವೋ ಎಳೆದಿರಬಹುದು. ಆದರೆ ಅವು ದಾರ ತೋಯಿಸುವುದಿಲ್ಲ. ಇಂಥ ಕಥೆಗಳಲ್ಲಿ ಈ ಹಂತದಲ್ಲಿ ಊರ ಹಿರಿಯನೊಬ್ಬ ‘ಇಲ್ಲಿ ಹಿಂದೆ ಕೆರೆ ಇತ್ತು’ ಎನ್ನಬೇಕು. ನಾನೇ ಮಾನಪ್ಪನನ್ನು ಕೇಳಿದೆ. “ಯಾವ ಕೆರಿ ಸರಾ? ನಮ್ಮ ಮುತ್ಯಾನ ಕಾಲದಾಗೂ ಇಲ್ಲಿ ಜ್ವಾಳನ ಬೆಳೀತಿತ್ತು” ಎಂದ. ದಾರ ಎಳೆದಾಗ ನನ್ನನ್ನು ನೋಡಿದ್ದೆಯಾ ಎಂದು ಕೇಳಿದ್ದಕ್ಕೆ, “ನೋಡೀನಿ. ಕುಂತಿದ್ರಿ” ಎಂದ. ಸ್ವಲ್ಪ ತಡೆದು, “ಇಲ್ಲ, ನಿಂತಿದ್ರಿ. ಕೋಲು ಬಗ್ಗಿತ್ತು” ಎಂದ. ಮತ್ತೆ, “ಕುರಿ ಕಡೆ ಧ್ಯಾನ ಇತ್ತು ಸರಾ, ನನ್ನ ಮಾತು ಹಿಡೀಬ್ಯಾಡ್ರಿ” ಎಂದು ಹೊರಟುಹೋದ.

“ಗಾಲಿ ಸದ್ದು ನಾ ಕೇಳೀನಿ” ಎಂದ ಖಾಜಾ. “ದಾರ ತೊಯ್ದದ್ದೂ ಖರೇ. ತೊಯ್ಸಿದವರು ಯಾರು?”

“ಅದನ್ನ ನಿನ್ನ ಕೇಳಾಕತ್ತೀನಿ.”

“ನನ್ನ ಕೇಳಬ್ಯಾಡ. ಒಂದು ವಾರದಿಂದ ನೀನು ಒಂದಲ್ಲ ಒಂದು ನೆಪ ಹುಡುಕಾಕತ್ತೀದಿ. ಬರಾಕ ಮನಸಿಲ್ಲಂದ್ರ ಇಲ್ಲ ಅನ್ನು, ಮುಗೀತು. ನಾ ನಮಾಜಿಗೆ ನಿಂತಾಗ ಬೆನ್ನ ಹಿಂದ ಆಟ ಕಟ್ಟಬ್ಯಾಡ ಮಾಸ್ತರಾ. ಅದು ಛಲೋ ಅಲ್ಲ.”

ಅವನ ದನಿ ಏರಿರಲಿಲ್ಲ. ಸಾಮಾನು ಹೊತ್ತ ಫಟಫಟಿಯ ಮೇಲೆ ರಾಯಚೂರಿಗೆ ಮರಳಿದೆವು. ಪ್ರವಾಸ ನಿಂತಿತು. ಮರುದಿನ ಅಂಗಡಿಗೆ ಹೋದಾಗ ನಾನು ಕೂರುತ್ತಿದ್ದ ಸ್ಟೂಲು ಹೊರಗಿರಲಿಲ್ಲ.

ಆ ಬೇಸಿಗೆಯೆಲ್ಲ ನಾನು ಖಾಜಾನ ಮೇಲೆ ಮೊಕದ್ದಮೆ ಕಟ್ಟಿದೆ. ಮುಚ್ಚಳ ಇಡಲು ಹೋದವನು ಅವನು. ದಾರ ಹಿಂದಿನ ರಾತ್ರಿಯೆಲ್ಲ ಅವನ ಅಂಗಡಿಯಲ್ಲಿತ್ತು. ತಂತಿ, ಸ್ಪ್ರಿಂಗುಗಳ ಕೈಕೆಲಸ ಬಲ್ಲವನು. ನಾನು ಹೆದರಿದ್ದೇನೆಂದು ಕಂಡುಕೊಂಡು ಪರೀಕ್ಷೆ ಮಾಡಿರಬಾರದೇಕೆ? ಆದರೆ ನಮಾಜು ಬಿಟ್ಟು ಅವನು ಎದ್ದುಬಂದ ಎನ್ನಲು ನನಗೆ ಬಾಯಿ ಬರಲಿಲ್ಲ. ಮೊಕದ್ದಮೆ ಅಲ್ಲೇ ಪ್ರತಿ ಸಲ ಬಿದ್ದುಹೋಗುತ್ತಿತ್ತು. ಈ ನಡುವೆ ಬರೆದದ್ದನ್ನು ಓದಿ ಹೇಳಲು ಯಾರೂ ಇಲ್ಲದೆ ಬರೆಯುವುದೂ ನಿಂತಿತು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಅಂಗಡಿಗೆ ಹೋಗಿ, “ನಾನೇ ಮಾಡಿದ್ದು” ಎಂದೆ. ಸುಳ್ಳೆಂದು ತಿಳಿದೇ ಹೇಳಿದೆ. ಗೆಳೆತನ ಮರಳಿ ಬರಲು ಬೇರೆ ದಾರಿ ನನಗೆ ಕಾಣಲಿಲ್ಲ. ಈಜು ಬಾರದ ಸಂಗತಿಯನ್ನು ಮೊದಲು ಹೇಳಿದೆ, ಅದು ನಿಜವಾದ್ದರಿಂದ ಉಳಿದದ್ದು ನಂಬಿಕೆಗೆ ಬರುತ್ತದೆ. ಆಮೇಲೆ, ಗಾಲಿಯಿಂದ ದಾರವನ್ನು ನಾನೇ ಎಳೆದೆ, ಚೆಂಬಿನ ನೀರು ಸುರಿದೆ ಎಂದೆ. ಖಾಜಾ ಕೈಯಲ್ಲಿದ್ದ ಕೆಲಸ ಬಿಟ್ಟು ಬಹಳ ಹೊತ್ತು ನನ್ನ ಮುಖ ನೋಡಿದ. ಕೊನೆಗೆ ನಕ್ಕ. “ಎಂಥ ನಾಲಾಯಕ್ ಇದ್ದಿ ಲೇ! ಈಸಾಕ ಬರಂಗಿಲ್ಲಂತ ಒಂದು ಮಾತು ಅಂದಿದ್ರ ದಂಡಿ ಮ್ಯಾಲೆ ಕುಂದರಸ್ತಿದ್ದೆ” ಎಂದು ಚಹಾ ತರಿಸಿದ. ಆ ಚಳಿಗಾಲದಲ್ಲಿ ದೇವದುರ್ಗಕ್ಕೆ ಹೋಗಿಯೂ ಬಂದೆವು. ಮೊಣಕಾಲು ಮಟ್ಟದ ನೀರಿನಲ್ಲಿ ಎರಡು ದಿನ ಬೀಸಿದೆವು. ಒಂದು ಮೀನೂ ಮೋಸಹೋಗಲಿಲ್ಲ.

ಅಲ್ಲಿಂದ ಅದು ಖಾಜಾ ಎಲ್ಲರಿಗೂ ಹೇಳುವ ನಗೆಯ ಕಥೆಯಾಯಿತು. ವರ್ಷಗಳ ಮೇಲೆ, ಎಂಬತ್ತರ ದಶಕದ ನಡುವೆ, ಮಾನ್ವಿಯಲ್ಲಿ ಅವನ ತಂಗಿಯ ಮಗಳ ಮದುವೆಯಲ್ಲಿ ಊಟವಾದ ಮೇಲೆ ನಾಲ್ಕಾರು ಜನರ ಮುಂದೆ ಅದನ್ನು ಅಭಿನಯಿಸಿ ತೋರಿಸುತ್ತಿದ್ದ. ಎಡಗೈಯಲ್ಲಿ ಚೆಂಬು ಹಿಡಿದಂತೆ ಮಾಡಿ, ಕಳ್ಳನ ಹಾಗೆ ಆಚೀಚೆ ನೋಡಿ ನೀರು ಸುರಿದ.

“ಎಡಗೈಲೆ ಅಲ್ಲೋ” ಎಂದೆ. “ಎಡಗೈಯಾಗ ಕೋಲಿತ್ತು. ಬಲಗೈಲೆ ಸುರುವಿದ್ದೆ. ಕುಂತು.”

ಎಲ್ಲರೂ ನಕ್ಕರು. ನಾನೂ ನಗಲು ಹೊರಟು ತಡೆದೆ. ಯಾವ ಕೈ ಎಂದು ನಾನು ಅವನಿಗೆ ಹಿಂದೆಂದೂ ಹೇಳಿರಲಿಲ್ಲ. ಆ ಮಾತು ಹೇಳುವಾಗ ನನಗೆ ಕಾಣಿಸುತ್ತಿತ್ತು: ಚೆಂಬಿನ ಕಂಠ, ಸಣ್ಣಗೆ ಬೀಳುವ ನೀರು, ಕಪ್ಪಾಗುತ್ತ ಹೋಗುವ ದಾರ. ಕೋಲನ್ನು ಅತ್ತ ಎಳೆದ ಎಳೆತವೂ ಮಣಿಕಟ್ಟಿನಲ್ಲಿ ಹಾಗೆಯೇ ಇತ್ತು. ಎರಡೂ ಒಂದೇ ಸಂಜೆಯಲ್ಲಿ ನಡೆದಿರಲು ಸಾಧ್ಯವಿಲ್ಲ.

ಜನ ಎದ್ದುಹೋದ ಮೇಲೆ ಖಾಜಾ ನನ್ನ ಹತ್ತಿರ ಬಂದು ಕೂತ. ಮುಖದಲ್ಲಿ ನಗೆಯಿರಲಿಲ್ಲ.

“ಅಂದ್ರ,” ಎಂದ ಮೆಲ್ಲಗೆ, “ಖರೇನ ನೀನ ಮಾಡಿದ್ದೇನು?”

ಇಷ್ಟು ವರ್ಷ ಅವನು ನನ್ನ ತಪ್ಪೊಪ್ಪಿಗೆಯನ್ನು ನಂಬಿರಲೇ ಇಲ್ಲವೆಂದು ಆಗ ತಿಳಿಯಿತು. ಅವನು ಉತ್ತರಕ್ಕಾಗಿ ಕಾದ. ಸುರಿದ ನೀರು, ಎಳೆದ ದಾರ, ಎರಡರಲ್ಲಿ ನಡೆದದ್ದು ಯಾವುದೆಂದು ನನಗೇ ತಿಳಿದಿರಲಿಲ್ಲ.