ಬಿಳಿ ಗೆರೆಯ ಮೆಟ್ಟಿಲು

ಓಮಾ ಸ್ಟಿಡಮ್‌ಳ ಮನೆಗೆ ಹೊರಗಿನವರು ಯಾರೇ ಬರಲಿ, ಮೊದಲು ಕಣ್ಣಿಗೆ ಬೀಳುವುದು ಅಂಗಳದಲ್ಲಿ ಚಕ್ರವಿಲ್ಲದೆ ಕೂತಿರುವ ಕಾರು. ಆಮೇಲೆ ಜಗುಲಿಯ ಮೇಲಿನ ಹಳೇ ಸೋಫಾ. ಅಷ್ಟು ನೋಡಿದರೆ ಅವರಿಗೆ ಎಲ್ಲ ತಿಳಿದುಹೋಗುತ್ತದೆ. ಆ ಕಾರಿನ ಬಿಡಿಭಾಗ ಬಿಚ್ಚಿ ಹಾಕಿಯೇ ಇನ್ನೊಂದು ಕಾರು ಓಡುತ್ತಿದೆ ಎನ್ನುವುದಾಗಲಿ, ಎದೆ ತುಂಬ ಕಲ್ಲಿದ್ದಲ ಧೂಳು ಹೊತ್ತ ಮನುಷ್ಯನಿಗೆ ಒಳಗೆ ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಸೋಫಾ ಹೊರಗೆ ಬಂದಿದೆ ಎನ್ನುವುದಾಗಲಿ ಯಾರೂ ಕೇಳುವುದಿಲ್ಲ. ಕೆಂಟಕಿಯ ಈ ಬೆಟ್ಟಗಳಲ್ಲಿ ಹುಟ್ಟಿದವರು ಹೇಳಲೂ ಹೋಗುವುದಿಲ್ಲ. ಕೇಳದವರ ಮುಂದೆ ಬಾಯಿ ಸವೆಸಿ ಏನಾಗಬೇಕು?

ಓಮಾಗೆ ಇದು ಚಿಕ್ಕಂದಿನಿಂದ ರೂಢಿ. ಅವಳು ಎರಡನೇ ತರಗತಿಯಲ್ಲಿದ್ದಾಗ ಕ್ಯಾಮೆರಾ ಹೊತ್ತವರು ಹಳ್ಳದ ಗುಂಟ ನಡೆದು ಬಂದಿದ್ದರು. ಅವಳು ಆಗಷ್ಟೇ ಶಾಲೆಯಿಂದ ಬಂದು, ಎಲ್ಲ ಮಕ್ಕಳ ಹಾಗೆ ಶೂ ಬಿಚ್ಚಿ ಒರೆಸಿ ಮಂಚದ ಕೆಳಗಿಟ್ಟು, ಬರಿಗಾಲಲ್ಲಿ ಕೋಳಿ ಅಟ್ಟುತ್ತಿದ್ದಳು. ಶೂ ಇರುವುದು ಶಾಲೆಗೆ ಮತ್ತು ಚರ್ಚಿಗೆ, ಕೋಳಿ ಅಟ್ಟುವುದಕ್ಕಲ್ಲ. "ತಡೀರಿ, ಶೂ ಹಾಕ್ಕೊಂಡ್ ಬರ್ತೀನಿ" ಅಂದಳು. ಬೇಡ, ಹೀಗೇ ಇರು ಅಂದರು. ಆ ಚಿತ್ರ ಎಲ್ಲೋ ಅಚ್ಚಾಯಿತು. ಮುಂದಿನ ಚಳಿಗಾಲದಲ್ಲಿ ಹೆಸರೂ ಕೇಳಿರದ ಊರುಗಳಿಂದ ಪೆಟ್ಟಿಗೆಗಟ್ಟಲೆ ಶೂ ಬಂದವು, ಒಂದೂ ಅವಳ ಕಾಲಿಗೆ ಹಿಡಿಯಲಿಲ್ಲ. ಅವಳಮ್ಮ ನಾಚಿಕೆಯಿಂದ ಅವನ್ನೆಲ್ಲ ಅಟ್ಟಕ್ಕೆ ಹಾಕಿ, ಒಂದು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಬೆಳೆದು ಡೆಲ್ಬರ್ಟ್‌ನನ್ನು ಮದುವೆಯಾದಳು. ಅವನು ಗಣಿಯವನು, ಮಾತು ಕಡಿಮೆ, ನಗು ಜಾಸ್ತಿ. ಗಣಿ ಮುಚ್ಚಿದ ವರ್ಷ ಅವನು ಓಹಾಯೋದ ಕಾರ್ಖಾನೆಗೆ ಕೂಲಿಗೆ ಹೋಗಿದ್ದಾಗ ಹೆಣ್ಣುಮಗು ಹುಟ್ಟಿತು. ಈವಾ ಜೀನ್ ಎಂದು ಹೆಸರಿಟ್ಟಳು. ಹೊರಗೆ ಹಿಮ, ಹಳ್ಳ ದಾಟಿ ಡಾಕ್ಟರ ಹತ್ತಿರ ಒಯ್ಯುವ ಹಾಗಿರಲಿಲ್ಲ. ಮಗು ವಾರ ತುಂಬುವ ಮೊದಲೇ ಹೋಯಿತು. ಡೆಲ್ಬರ್ಟ್ ಬರುವಷ್ಟರಲ್ಲಿ ಮಣ್ಣೂ ಆಗಿತ್ತು.

ಗೋರಿಗೆ ಅಕ್ಷರ ಕೆತ್ತಿಸುವುದು ಆಗ ನಮ್ಮಲ್ಲಿ ಇದ್ದವರ ಮಾತು. ಉಳಿದವರದು ಬರೀ ಕಾಡುಗಲ್ಲು. ಯಾವ ಕಲ್ಲು ಯಾರದ್ದು ಎನ್ನುವುದು ಮನೆಯವರ ನೆನಪಿನಲ್ಲಿ ಇರುತ್ತದೆ, ಹಿರಿಯರು ಕಿರಿಯರಿಗೆ ತೋರಿಸಿಕೊಡುತ್ತಾರೆ. ಓಮಾ ಹಳ್ಳದ ನೀರಿಗಿಳಿದು, ನಡುವೆ ಬಿಳಿ ಗೆರೆ ಹಾಯ್ದ ಒಂದು ಚಪ್ಪಟೆ ಕಲ್ಲನ್ನು ಆರಿಸಿ, ಎದೆಗವಚಿಕೊಂಡು ಗುಡ್ಡ ಹತ್ತಿ, ತಾನೇ ನೆಟ್ಟು ಬಂದಳು. ಆಮೇಲೆ ಮಕ್ಕಳಾಗಲಿಲ್ಲ. ಮಗುವಿನದೊಂದು ಫೋಟೋ ಇಲ್ಲ, ಒಂದು ಅಂಗಿ ಕೂಡ ಉಳಿಯಲಿಲ್ಲ. ಈವಾ ಜೀನ್ ಎಂಬವಳು ಈ ಭೂಮಿಗೆ ಬಂದುಹೋಗಿದ್ದಳು ಎನ್ನುವುದಕ್ಕೆ ಆ ಕಲ್ಲೊಂದೇ ಗುರುತು. ಓಮಾ ಅಳಲಿಲ್ಲ. ಅಳು ಬರುವ ಜಾಗ ಮರಗಟ್ಟಿಹೋಗಿತ್ತು, ಅದು ಮತ್ತೆ ಸರಿಹೋಗಲೂ ಇಲ್ಲ.

ಪ್ರತಿ ಮೇ ತಿಂಗಳ ಒಂದು ಭಾನುವಾರ ನಮ್ಮಲ್ಲಿ ಗೋರಿಗೆ ಹೂವಿಡುವ ದಿನ. ಅದಕ್ಕೂ ಮುಂಚೆ ಹೋಗಿ ಕಳೆ ಕೆರೆದು, ಒಂದೆಸಳು ಹುಲ್ಲಿಲ್ಲದಂತೆ ಮಣ್ಣನ್ನು ಅಂಗಳದ ಹಾಗೆ ಗುಡಿಸಬೇಕು. ಹುಲ್ಲು ಬೆಳೆದ ಗೋರಿ ಅಂದರೆ ದಿಕ್ಕಿಲ್ಲದವರ ಗೋರಿ. ಬಣ್ಣದ ಕಾಗದದಲ್ಲಿ ಹೂ ಮಾಡಿ, ಮಳೆಗೆ ಕರಗದಿರಲೆಂದು ಕರಗಿಸಿದ ಮೇಣದಲ್ಲಿ ಅದ್ದಿ ಇಡಬೇಕು. ಗಂಡ ಹೆಂಡತಿ ಒಂದು ವರ್ಷವೂ ತಪ್ಪಿಸಲಿಲ್ಲ. ಡೆಲ್ಬರ್ಟ್‌ನ ಎದೆ ಕೆಟ್ಟು, ಮೂಗಿಗೆ ಆಮ್ಲಜನಕದ ನಳಿಗೆ ಬಂದ ಮೇಲೆ ಓಮಾ ಒಬ್ಬಳೇ ಹತ್ತುತ್ತಿದ್ದಳು. ಅವನು ಸೋಫಾದ ಮೇಲೆ ಕೂತು ಗುಡ್ಡದ ಕಡೆ ನೋಡುತ್ತಿದ್ದ. ಒಂದು ವಸಂತದಲ್ಲಿ ಅವನು ಈಗಲೋ ಆಗಲೋ ಎನ್ನುವ ಹಾಗಾದ. ಆ ವರ್ಷ ಅವಳು ಮನೆ ಬಿಟ್ಟು ಕದಲಲಿಲ್ಲ. ಅವನು ಹೇಗೋ ಉಳಿದುಕೊಂಡ, ಗುಡ್ಡದ ಮೇಲೆ ಮಾತ್ರ ಕಳೆ ಮೊಣಕಾಲೆತ್ತರ ಬೆಳೆಯಿತು.

ಆ ಬೇಸಿಗೆಯಲ್ಲೇ ಅವರು ಬಂದದ್ದು. ದೂರದ ಯಾವುದೋ ಪೇಟೆಯ ಚರ್ಚಿನ ಹುಡುಗ ಹುಡುಗಿಯರು, ಬಡವರ ಮನೆ ರಿಪೇರಿ ಮಾಡಿಕೊಡುವವರು. ಅವರ ಮುಖಂಡ ಕ್ರೇಗ್, ಒಳ್ಳೆಯವನು, ಮಾತಾಡುವಾಗ ಕೈ ಹಿಡಿದುಕೊಳ್ಳುವವನು. ಜಗುಲಿಯ ಮರದ ಮೆಟ್ಟಿಲು ಕೊಳೆತು, ಡೆಲ್ಬರ್ಟ್ ಕೆಳಗಿಳಿಯದೆ ಬಹಳ ದಿನವಾಗಿತ್ತು. ಕಲ್ಲು ಸಿಮೆಂಟಿನ ಮೆಟ್ಟಿಲು ಕಟ್ಟಿಕೊಡುತ್ತೇವೆ ಅಂದರು. ಅದಕ್ಕೆ ಮೊದಲು ಒಂದು ಫೋಟೋ.

"ಒಂದ್ ನಿಮಿಷ, ಬೇರೆ ಬಟ್ಟೆ ಹಾಕ್ಕೊಂಡ್ ಬರ್ತೀನಿ" ಅಂದಳು ಓಮಾ.

"ಬೇಡಮ್ಮಾ, ಹೀಗೇ ಚೆನ್ನಾಗಿದೀರ" ಅಂದ ಕ್ರೇಗ್.

ಅವಳು ಹಾಗೇ ನಿಂತಳು. ಕಲ್ಲು ಎಲ್ಲಿ ಸಿಗುತ್ತದೆ ಎಂದು ಅವನು ಕೇಳಿದ. "ಹಿಂದಿನ ಗುಡ್ಡದ ಮೇಲೆ ಬೇಕಾದಷ್ಟಿದೆ, ತಗೊಳ್ರಪ್ಪ" ಅಂದು ಅಡಿಗೆಮನೆಗೆ ಹೋದಳು. ಅವಳ ಮನಸ್ಸಿನಲ್ಲಿದ್ದದ್ದು ಅರ್ಧ ದಾರಿಯಲ್ಲಿ ಬಿದ್ದಿದ್ದ ಅಜ್ಜನ ಕಾಲದ ಒಲೆಗೂಡಿನ ಕಲ್ಲು ರಾಶಿ. ಗೋರಿಯನ್ನು ಗೋರಿ ಎಂದು ಯಾರಿಗಾದರೂ ಹೇಳಿಕೊಡಬೇಕಾಗುತ್ತದೆ ಎಂದು ನಮ್ಮವರಿಗೆ ಹೊಳೆಯುವುದೇ ಇಲ್ಲ.

ಅವಳಿಗೆ ಬೇರೆ ಚಿಂತೆಯಿತ್ತು. ಮನೆಗೆಲಸ ಮಾಡಿಕೊಡುವವರು ಹಸಿದು ಹೋದರೆ ಮನೆಯ ಮರ್ಯಾದೆ ಹೋಯಿತು. ದೊಡ್ಡ ಪಾತ್ರೆಯಲ್ಲಿ ಕಂದು ಬಣ್ಣದ ಬೀನ್ಸ್ ಕಾಳನ್ನು ಹಂದಿಮಾಂಸದ ತುಂಡು ಹಾಕಿ ಬೇಯಿಸಿದಳು, ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಸುಟ್ಟಳು, ಈರುಳ್ಳಿ ಹೆಚ್ಚಿದಳು. ಡೆಲ್ಬರ್ಟ್‌ನ ತಂಗಿ ಗಾರ್ನೆಟ್ ತನ್ನ ಮನೆಯಿಂದ ಬೀಟ್‌ರೂಟ್ ಉಪ್ಪಿನಕಾಯಿ ತಂದಳು. ಊಟಕ್ಕೆ ಕರೆದರೆ ಆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾವು ತಂದಿದ್ದೇವೆ ಎಂದು ಮರದ ಕೆಳಗೆ ಕೂತು ತಮ್ಮ ಬ್ರೆಡ್ಡು ತಿಂದರು. ಇಲ್ಲದವರ ಊಟ ಕಡಿಮೆ ಮಾಡಬಾರದು ಎಂದು ಅವರಿಗೆ ಹೇಳಿಕೊಟ್ಟಿದ್ದರಂತೆ.

"ನೋಡ್ದ್ಯಾ ಅತ್ತಿಗೆ, ನಮ್ ಕೈಯಡಿಗೆ ಅವ್ರ ಗಂಟ್ಲಲ್ಲಿ ಇಳಿಯಲ್ವಂತೆ" ಅಂದಳು ಗಾರ್ನೆಟ್. "ಸಿಮೆಂಟ್ ಮಾತ್ರ ನಮ್ ಗಂಟ್ಲಲ್ಲಿ ಇಳೀಬೇಕು."

"ಸುಮ್ನಿರೇ, ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಲಿ. ನಾನೇನ್ ಪಿಸುಗುಡ್ತಾ ಇದೀನಾ?"

ಸಂಜೆ ಮೆಟ್ಟಿಲು ಮುಗಿಯಿತೆಂದು ಕೂಗಿದರು. ಓಮಾ ಬಾಣಲೆ ಒರೆಸುತ್ತ ಬಾಗಿಲಿಗೆ ಬಂದಳು. ನಡುವಿನ ಮೆಟ್ಟಿಲಲ್ಲಿ ಬಿಳಿ ಗೆರೆಯ ಚಪ್ಪಟೆ ಕಲ್ಲು, ಮೇಲ್ಮುಖವಾಗಿ, ಸುತ್ತ ಸಿಮೆಂಟು.

"ಇದನ್ನ ನಾನೇ ಹುಡುಕಿದ್ದು!" ಅಂದಳು ಒಂದು ಹುಡುಗಿ. ಕೆನ್ನೆಯ ತುಂಬ ಸಿಮೆಂಟು ಮೆತ್ತಿತ್ತು. "ಎಲ್ಲಾ ಕಲ್ಲಿಗಿಂತ ಚೆಂದ ಇತ್ತು. ಮೇಲ್ಗಡೆ ಕಳೆ ಒಳಗೆ ಸುಮ್ನೆ ಬಿದ್ದಿತ್ತು. ನಿಮಗೋಸ್ಕರ ಅಂತ ತಂದೆ."

ಸುಮ್ಮನೆ ಬಿದ್ದಿತ್ತು. ಓಮಾ ಬಾಣಲೆ ಒರೆಸುತ್ತಲೇ ಇದ್ದಳು. ಹೇಳಬೇಕಿತ್ತು. ಕಳೆ ತೆಗೆಯದೆ ಬಿಟ್ಟವಳು ತಾನು, ತಗೊಳ್ಳಿ ಅಂದವಳೂ ತಾನು. ಅಷ್ಟರಲ್ಲಿ ಕ್ರೇಗ್ ಡೆಲ್ಬರ್ಟ್‌ನ ತೋಳು ಹಿಡಿದು ಇಳಿಸತೊಡಗಿದ್ದ. ಮಕ್ಕಳು ಚಪ್ಪಾಳೆ ತಟ್ಟಿದರು. ಡೆಲ್ಬರ್ಟ್ ಮೇಲಿನ ಮೆಟ್ಟಿಲಿಗೆ ಬಂದು, ಇನ್ನೊಂದು ಕಾಲು ಎತ್ತಿದವನು ಹಾಗೇ ನಿಂತ. ಕಲ್ಲು ನೋಡಿದ. ತಿರುಗಿ ಓಮಾಳ ಮುಖ ನೋಡಿದ. ಕಾಲು ಹಿಂದಕ್ಕೆ ತೆಗೆದ.

"ಗಟ್ಟಿಯಾಗಿದೆ ಕಣಪ್ಪ" ಅಂದ ಕ್ರೇಗ್‌ಗೆ. "ಚೆನ್ನಾಗ್ ಕಟ್ಟಿದೀರ. ಸುಸ್ತಾಯ್ತು, ಕೂತ್ಕೊಳ್ತೀನಿ."

ಕ್ರೇಗ್‌ನ ಕಣ್ಣಲ್ಲಿ ನೀರು. ಇನ್ನೊಂದು ಫೋಟೋ ತೆಗೆದು ಹೊರಟುಹೋದರು.

ಗಾರ್ನೆಟ್‌ಗೆ ಮರುದಿನ ಗೊತ್ತಾಯಿತು. "ಸುತ್ತಿಗೆ ಕೊಡು, ಈಗ್ಲೇ ಕಿತ್ತಾಕ್ತೀನಿ. ದೆವ್ವ ಹೊಡೀಲಿ ಅವ್ರ ಉಪಕಾರಕ್ಕೆ!"

"ತೆಳ್ಳಗಿನ ಕಲ್ಲು ಅದು. ಸಿಮೆಂಟ್ ಜೊತೆ ಒಡೆದೋಗತ್ತೆ" ಅಂದಳು ಓಮಾ.

"ಹಂಗಾದ್ರೆ ತುಳ್ಕೊಂಡ್ ಓಡಾಡ್ತೀಯಾ?"

ಓಮಾ ಸುತ್ತಿಗೆ ಕೊಡಲಿಲ್ಲ. ಡೆಲ್ಬರ್ಟ್ ಮತ್ತೆ ಆ ಮೆಟ್ಟಿಲಿಗೆ ಕಾಲಿಡಲಿಲ್ಲ, ಅದರ ಮಾತೂ ತೆಗೆಯಲಿಲ್ಲ. ಅವಳು ನೀರಿಗೆ, ಸೌದೆಗೆ ಹೋಗುವಾಗೆಲ್ಲ ಲಂಗ ಎತ್ತಿಕೊಂಡು ಅದೊಂದನ್ನು ದಾಟುತ್ತಿದ್ದಳು. ಮಂಡಿ ನೋಯುತ್ತಿತ್ತು. ದಾಟುತ್ತಿದ್ದಳು. ಗುಡ್ಡದ ಮೇಲೆ ಒಮ್ಮೆ ಹೋಗಿ ಬಂದಳು. ಕಲ್ಲು ಕಿತ್ತ ಗುಳಿಗೆ ಮಳೆ ಬಿದ್ದು ಮಣ್ಣು ತುಂಬಿ, ಇಲ್ಲಿಯೋ ಅಲ್ಲಿಯೋ ಎಂದು ನಿಶ್ಚಯವಾಗಿ ಹೇಳುವ ಹಾಗಿರಲಿಲ್ಲ. ಕೂತಳು, ಎದ್ದು ಬಂದಳು. ದುಃಖವಾಗಬೇಕಿತ್ತು. ಕೈಕಾಲು ಜೋಮು ಹಿಡಿದ ಹಾಗಿತ್ತು, ಅಷ್ಟೇ.

ಮತ್ತೆ ಮೇ ಬಂತು. ಓಮಾ ಉಳಿದವರ ಗೋರಿಗಳ ಕಳೆ ತೆಗೆದು, ಗುಡಿಸಿ, ಹೂವಿಟ್ಟು ಬಂದಳು. ಒಂದು ಗುಲಾಬಿ ಬಣ್ಣದ ಹೂ ಉಳಿಸಿಕೊಂಡಿದ್ದಳು. ಅದನ್ನು ಎಲ್ಲಿಡುವುದೆಂದು ಗುಡ್ಡದ ಮೇಲೆ ತಿಳಿದಿರಲಿಲ್ಲ. ಇಳಿದು ಬಂದು ಬಿಳಿ ಗೆರೆಯ ಪಕ್ಕ, ತುಳಿಯದ ಕಡೆ, ಮೇಣ ಕರಗಿಸಿ ಅಂಟಿಸಿದಳು. ಬೆನ್ನ ಹಿಂದೆ ಸೋಫಾ ಕಿರುಗುಟ್ಟಿತು. ಡೆಲ್ಬರ್ಟ್ ನಳಿಗೆ ಎಳೆದುಕೊಂಡು ಬಂದು, ಗೋಡೆ ಹಿಡಿದು, ಮೇಲಿನ ಮೆಟ್ಟಿಲ ಮೇಲೆ ಕೂತ. ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟ. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ನನಗೆ ಹತ್ತೋಕ್ ಆಗ್ತಿರ್ಲಿಲ್ಲ ನೋಡು" ಅಂದ. "ಅವಳೇ ಇಳಿದು ಬಂದಳು."

ಓಮಾ ಅವನ ಪಕ್ಕ ಕೂತಳು. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಇದ್ದರು. ಅಂದಿನಿಂದ ಅವನು ಬಿಸಿಲೇರುವ ಮೊದಲು ಅಲ್ಲಿ ಬಂದು ಕೂರತೊಡಗಿದ.

ಬೇಸಿಗೆಯಲ್ಲಿ ಕ್ರೇಗ್ ಮತ್ತೆ ಬಂದ, ಈ ಸಲ ಗಾರ್ನೆಟ್‌ಳ ಮನೆಯ ಸೂರಿಗೆ. ಹಳೇ ಸ್ನೇಹ ಎಂದು ಮಕ್ಕಳನ್ನು ಕಟ್ಟಿಕೊಂಡು ಓಮಾಳ ಅಂಗಳಕ್ಕೂ ಬಂದ. ಡೆಲ್ಬರ್ಟ್ ಸೋಫಾದ ಮೇಲಿದ್ದ. ಮೆಟ್ಟಿಲ ಮೇಲಿನ ಹೂ ಕಂಡು ಕ್ರೇಗ್ ಎದೆಯ ಮೇಲೆ ಕೈಯಿಟ್ಟುಕೊಂಡ.

"ನಮ್ಮ ಮೆಟ್ಟಿಲನ್ನ ಸಿಂಗಾರ ಮಾಡಿದೀರಾ! ನೀವೇ ಮಾಡಿದ ಹೂವಾ ಅಮ್ಮಾ?"

"ಹೂಂ. ನಾನೇ ಮಾಡಿದ್ದು."

ಕ್ಯಾಮೆರಾಗಳು ಹೊರಬಂದವು. ಗಾರ್ನೆಟ್ ಬಾಯಿ ತೆರೆದಳು, ಓಮಾ ಅವಳ ಕೈ ಅದುಮಿದಳು. ಒಳಗೆ ಕಾಳು ಬೆಂದಿತ್ತು. "ಊಟ ಮಾಡ್ಕೊಂಡೇ ಹೋಗ್ಬೇಕು ಈ ಸಲ" ಅಂದಳು. ಕ್ರೇಗ್ ಒಂದು ಗಳಿಗೆ ಯೋಚಿಸಿ, ಆಗಲಿ ಅಂದ. ಬೂಟು ಕೊಡವಿ ಕೆಳಗಿನ ಮೆಟ್ಟಿಲು ಹತ್ತಿ, ನಡುವಿನದಕ್ಕೆ ಕಾಲೆತ್ತಿದ.

"ಅದನ್ನ ತುಳೀಬೇಡ" ಅಂದಳು ಓಮಾ.

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಕ್ರೇಗ್ ಕಾಲು ಗಾಳಿಯಲ್ಲೇ ನಿಲ್ಲಿಸಿದ.

"ಯಾಕಮ್ಮಾ, ಸಡಿಲ ಆಗಿದ್ಯಾ? ಈಗ್ಲೇ ಸರಿ ಮಾಡಿಕೊಡ್ತೀವಿ."

"ಇಲ್ಲಪ್ಪ, ಗಟ್ಟಿಯಾಗೇ ಇದೆ. ದಾಟಿ ಬಾ."

ಬೆಟ್ಟದವರ ಏನೋ ನಂಬಿಕೆ ಇರಬೇಕು ಎಂದುಕೊಂಡ ಕ್ರೇಗ್ ಹಿಂದಿದ್ದವರಿಗೆ ಕಣ್ಣು ಮಿಟುಕಿಸಿ, ಗೌರವದಿಂದ ಉದ್ದ ಹೆಜ್ಜೆ ಹಾಕಿ ದಾಟಿದ. ಅವನ ಹಿಂದೆ ಮಕ್ಕಳು, ನಗುತ್ತ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಒಬ್ಬೊಬ್ಬರಾಗಿ ದಾಟಿ ಬಂದರು. ಕೊನೆಯ ಹುಡುಗ ಒಳಗೆ ಹೋಗುವವರೆಗೂ ಡೆಲ್ಬರ್ಟ್ ಸೋಫಾದ ಮೇಲಿಂದ ಅವರ ಕಾಲುಗಳನ್ನೇ ನೋಡುತ್ತಿದ್ದ. ಆಮೇಲೆ ಓಮಾ ತಟ್ಟೆ ಹಾಕಲು ಒಳಗೆ ಹೋದಳು.