ನಾನು ಅರ್ಧಕ್ಕೆ ನಿಲ್ಲಿಸಿದ ವಾಕ್ಯ

ಗುರುಪಾದ ಅಂಕಲ್ ಕೆಲಸ ಕಳೆದುಕೊಂಡದ್ದು ನನ್ನಿಂದ. ಅರ್ಲ್‌ನಿಂದ ಅಲ್ಲ. ಒಂದೂವರೆ ವರ್ಷ ಅವರು ಅರ್ಲ್ ಎಂದೇ ನಂಬಿದ್ದರು. ನಾನು ಅವರ ಮನೆಯ ಊಟದ ಮೇಜಿಗೆ ಕೂತು, ಅವರು ಹಾಗೆ ನಂಬುವುದನ್ನು ನೋಡುತ್ತ, ಬಡಿಸಿದ ರೊಟ್ಟಿ ಮುರಿದು ತಿಂದೆ.

ಇದನ್ನು ಬರೆಯುವಾಗಲೂ ಕೈ ತಾನಾಗಿ ವಾದದ ಕಡೆ ಓಡುತ್ತಿದೆ — 'ಆದರೆ', 'ಹಾಗೆ ನೋಡಿದರೆ'... ತಡೆದು ತಡೆದು ಬರೆಯುತ್ತಿದ್ದೇನೆ.

ಅಂಕಲ್ ನನ್ನ ಸಂಬಂಧಿಕರಲ್ಲ. ಅವರ ಹೆಂಡತಿ ಶೈಲಾ ಆಂಟಿ ಮತ್ತು ನನ್ನ ಅಮ್ಮ ಧಾರವಾಡದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದವರು. ನಾನು ಮೈಸೂರಿನಿಂದ ಆಸ್ಟಿನ್‌ಗೆ ಸಾರ್ವಜನಿಕ ನೀತಿ ಓದಲು ಬಂದಾಗ, ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಅವರ ಮನೆಯಲ್ಲಿ ನನಗೆಂದೇ ಒಂದು ಕೋಣೆ ಸಿದ್ಧವಾಗಿತ್ತು. ತಿಂಗಳಿಗೆರಡು ಭಾನುವಾರ ನನ್ನ ಊಟ ಅಲ್ಲೇ. ಅಂಕಲ್ ಹ್ಯೂಸ್ಟನ್ನಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಪರಿಸರ ಎಂಜಿನಿಯರ್. "ಗದಗದ ಗುಡ್ಡದ ಮ್ಯಾಲ ಫ್ಯಾನ್ ತಿರಗ್ತಾವಲ್ಲ, ಅದರ ಕಂಬಾ ಮಾಡ್ತೀವವಾ" ಎಂದು ಮೊದಲ ದಿನವೇ ಹೇಳಿದ್ದರು. ಗಾಳಿಯಂತ್ರದ ಕಂಬಗಳಾಗುವ, ಮನೆಯಷ್ಟು ಅಗಲದ ಉಕ್ಕಿನ ಕೊಳವೆಗಳಿಗೆ ಬಣ್ಣ ಬಳಿಯುವಾಗ ಏಳುವ ಆವಿ ನಿಯಮದ ಮಿತಿ ಮೀರದಂತೆ ನೋಡಿಕೊಳ್ಳುವುದು ಅವರ ಕೆಲಸ. ಬಣ್ಣದ ವಿಭಾಗದ ಮೇಲ್ವಿಚಾರಕ ಅರ್ಲ್. ಅಲ್ಲೇ ಹುಟ್ಟಿ ಬೆಳೆದ ಟೆಕ್ಸಸ್ ಮನುಷ್ಯ. ಹನ್ನೊಂದು ವರ್ಷ ಅಂಕಲ್ ಜೊತೆ ಮಧ್ಯಾಹ್ನದ ಊಟ ಹಂಚಿಕೊಂಡವನು. ಆಂಟಿಯ ಜೋಳದ ರೊಟ್ಟಿಗೆ ಅವನು ಮೆಕ್ಸಿಕನ್ ರೊಟ್ಟಿಯ ಹೆಸರು ಜೋಡಿಸಿ 'ಗುರು ಟಾಕೊ' ಎಂದು ಹೆಸರಿಟ್ಟಿದ್ದ.

ಇನ್ನು ನಾನು. ಮೈಸೂರಿನ ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಪರ್ಯಾಯ ಪಾರಿತೋಷಕವನ್ನು ನಮ್ಮ ಕಾಲೇಜಿನಿಂದ ಆಚೆ ಹೋಗಲು ಬಿಡದವಳು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಹಾಗಾಗಿ ಯಾವ ಮಾತನ್ನೂ ನಂಬದೆ ಗಟ್ಟಿಯಾಗಿ ಹೇಳುವುದು ನನಗೆ ಹತ್ತೊಂಬತ್ತಕ್ಕೇ ಕರಗತವಾಗಿತ್ತು. ಅಲ್ಲಿ ಕಲಿತ ಇನ್ನೊಂದು ವಿದ್ಯೆ — ಎದುರಾಳಿಯ ಮಾತನ್ನೇ ಎತ್ತಿ ಓದುವುದು, ತನಗೆ ಬೇಕಾದಲ್ಲಿ ನಿಲ್ಲಿಸುವುದು. ಉಳಿದದ್ದನ್ನು ಅವನು ವಿವರಿಸಲು ಹೊರಡುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ತೀರ್ಪುಗಾರರು ನಗುತ್ತಿದ್ದರು, ಸಭೆ ಚಪ್ಪಾಳೆ ತಟ್ಟುತ್ತಿತ್ತು. ಇದಕ್ಕೆ ಸುಳ್ಳು ಎಂಬ ಹೆಸರಿದೆ ಎಂದು ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಓದು ಮುಗಿದ ಮೇಲೆ ಆಸ್ಟಿನ್ನಿನಲ್ಲೇ ಒಂದು ಸಣ್ಣ ಸಂಶೋಧನಾ ಕಚೇರಿಗೆ ಸೇರಿದೆ. ಹಸಿರು ಇಂಧನಕ್ಕೆ ಸರ್ಕಾರ ಸುರಿಯುವ ಹಣವನ್ನು ವಿರೋಧಿಸುವುದೇ ನಮ್ಮ ಕೆಲಸ. ನಾವು ಟಿಪ್ಪಣಿ ಬರೆಯುತ್ತಿದ್ದೆವು. ಸಭೆಗಳಲ್ಲಿ ಅವನ್ನು ಓದುತ್ತಿದ್ದವರು ಬೇರೆ ಯಾರೋ — ಸ್ಥಳೀಯ ನಿವಾಸಿಗಳು, ಯಾವುದೋ ಸಂಘದವರು. ಅಂಕಲ್‌ಗೆ ನಾನು ಹೇಳಿದ್ದು "ಟ್ಯಾಕ್ಸ್ ರಿಸರ್ಚ್" ಎಂದು. ಅದೂ ಸುಳ್ಳೇ.

ಆದರೆ ವಾದವನ್ನೇನೂ ಮುಚ್ಚಿಡುತ್ತಿರಲಿಲ್ಲ.

"ಸರ್ಕಾರ ದುಡ್ಡು ಕೊಡೋವರೆಗೆ ಮಾತ್ರ ಉಳಿಯೋ ಕೆಲಸಾನ ಕೆಲಸ ಅಂತಾರಾ ಅಂಕಲ್?" ಎಂದು ಒಂದು ಭಾನುವಾರ ಕೆಣಕಿದೆ.

"ಬಂದ್ಲಪಾ ವಕೀಲವ್ವ!" ಎಂದು ನಕ್ಕರು. "ಎಣ್ಣಿ ಕಂಪನಿಗೆ ಸರ್ಕಾರ ಏನೂ ಕೊಟ್ಟೇ ಇಲ್ಲೇನು? ಅವರು ತಗೊಂಡ್ರ ಬಿಸಿನೆಸ್, ನಾವ್ ತಗೊಂಡ್ರ ಭಿಕ್ಷಾ?"

"ಅವಳಿಗೆ ಊಟ ಮಾಡ್ಲಿಕ್ಕರೆ ಬಿಡ್ರಿ" ಎಂದರು ಆಂಟಿ.

ಆ ದಿನವೇ ಅವರು ಆ ಮಾತು ಹೇಳಿದ್ದು. ಅವರ ಕಾರ್ಖಾನೆ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿತ್ತು. ಬಣ್ಣದ ಆವಿಯನ್ನು ಸುಡುವ ಹಳೆಯ ಯಂತ್ರ ತೆಗೆದು ಹೊಸದು ಹಾಕಬೇಕಿತ್ತು, ಬಣ್ಣ ಬಳಿಯುವ ಎರಡನೇ ಲೈನ್ ಶುರುವಾಗಬೇಕಿತ್ತು, ಇನ್ನಷ್ಟು ಜನಕ್ಕೆ ಕೆಲಸ ಸಿಗುವುದಿತ್ತು. ಹಳೆಯ ಯಂತ್ರ ಎಷ್ಟು ಹದಗೆಟ್ಟಿದೆ ಎಂದು ವಿವರಿಸುತ್ತ ಅಂಕಲ್ ಹೇಳಿದರು:

"ಒಂದ್ ದಿನಾ ಮಷೀನ್ ಬಂದ್ ಬಿದ್ದಿತ್ತು, ಆದ್ರೂ ನಾವು ಲೈನ್ ನಡಿಸಿದ್ವಿ — ನಿಂತದ್ದು ಗೊತ್ತಾಗಲಿಲ್ಲವಾ, ಎರಡ ನಿಮಿಷ. ಅಷ್ಟರಾಗ ಅರ್ಲ್ ಓಡಿ ಬಂದು ಎಲ್ಲಾ ಬಂದ್ ಮಾಡಿದಾ. ಮರುದಿನ ನಾನೇ ಸರ್ಕಾರಕ್ಕ ಬರದು ತಿಳಿಸಿದೆ."

ಎರಡು ವಾರದ ನಂತರ ನನ್ನ ಮೇಜಿನ ಮೇಲೆ ಅದೇ ಕಾರ್ಖಾನೆಯ ಅರ್ಜಿ ಬಂತು. ಅದರ ಮೇಲೆ ಸಾರ್ವಜನಿಕ ಸಭೆ ಇದೆ, ವಿರೋಧಿಸಿ ಬಲವಾದ ಒಂದು ಪುಟ ಬೇಕು ಎಂದರು ಮೇಲಿನವರು. ಇದು ನನಗೆ ಬೇಡ, ಅಲ್ಲಿ ನಮ್ಮವರಿದ್ದಾರೆ — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನಗೆ ಆ ಪುಟ ಗೆಲ್ಲಬೇಕಿತ್ತು.

ಅಂಕಲ್ ಮಾತನ್ನು ಇಂಗ್ಲಿಷಿಗೆ ತಂದೆ. ಯಂತ್ರ ನಿಂತಿತ್ತು, ಆದರೂ ನಾವು ಲೈನ್ ನಡೆಸಿದೆವು. ಪೂರ್ಣವಿರಾಮ. ಕಾರ್ಖಾನೆಯ ಒಳಗಿನವರೊಬ್ಬರ ಮಾತು ಎಂದು ಕೆಳಗೆ ಬರೆದೆ. ಅರ್ಲ್ ಓಡಿ ಬಂದದ್ದು ಪೂರ್ಣವಿರಾಮದ ಆಚೆ ಉಳಿಯಿತು. ಅಂಕಲ್ ತಾವೇ ಬರೆದು ತಿಳಿಸಿದ್ದೂ ಅಲ್ಲೇ ಉಳಿಯಿತು. ಇನ್ನೊಂದು ವಿಷಯ — ಮಾಲಿನ್ಯದ ನಿಯಮಗಳು ಅತಿಯಾದವು, ಉದ್ಯೋಗ ತಿನ್ನುತ್ತವೆ ಎಂದು ವರ್ಷವಿಡೀ ಬರೆಯುತ್ತಿದ್ದ ನಾವು, ಅಂದು ಅದೇ ನಿಯಮಗಳನ್ನು ದೊಣ್ಣೆ ಮಾಡಿಕೊಂಡೆವು. ಆಗ ಇದು ನನಗೆ ಚತುರತೆಯಾಗಿ ಕಂಡಿತ್ತು.

ಸಭೆಯನ್ನು ಕಚೇರಿಯಲ್ಲೇ ಕೂತು ಪರದೆಯ ಮೇಲೆ ನೋಡಿದೆ. ಹ್ಯೂಸ್ಟನ್ ಬಳಿಯ ಯಾವುದೋ ಶಾಲೆಯ ಸಭಾಂಗಣ. ನಿವಾಸಿಯೊಬ್ಬರು ಮೈಕಿನ ಮುಂದೆ ನಿಂತು ನನ್ನ ಪುಟ ಓದುತ್ತಿದ್ದರು. ಅವರ ಹಿಂದಿನ ಸಾಲಿನಲ್ಲಿ ಅಂಕಲ್, ಪಕ್ಕದಲ್ಲಿ ಅರ್ಲ್. ಆ ವಾಕ್ಯ ಬಂತು. ಸಭೆ ಗುಜುಗುಟ್ಟಿತು. ಅಂಕಲ್ ನಿಧಾನವಾಗಿ ಕತ್ತು ತಿರುಗಿಸಿ ಅರ್ಲ್‌ನನ್ನು ನೋಡಿದರು. ಅರ್ಲ್ ಮುಂದಕ್ಕೆ ನೋಡುತ್ತಿದ್ದ, ಅವನಿಗೆ ತಿಳಿಯಲಿಲ್ಲ.

ನಾನು ಪರದೆ ಆರಿಸಿದೆ. ಹಿಂದಿನಿಂದ ಯಾರೋ ನನ್ನ ಬೆನ್ನು ತಟ್ಟಿದರು.

ಕಂಪನಿ ಮರುದಿನವೇ ಪೂರ್ತಿ ವಿವರ ಕೊಟ್ಟಿತು. ಯಾರು ಓದುತ್ತಾರೆ? ಅರ್ಜಿ ತಡೆಯಾಯಿತು, ಆಮೇಲೆ ಬಿದ್ದುಹೋಯಿತು. ಬಣ್ಣದ ವಿಭಾಗವನ್ನೇ ಮುಚ್ಚಿ ಆ ಕೆಲಸವನ್ನು ಬೇರೆ ಕಡೆಗೆ ಸಾಗಿಸಿದರು. ಅರ್ಲ್, ಅಂಕಲ್, ಆ ಲೈನಿನವರೆಲ್ಲ ಮನೆಗೆ. ಅಂಕಲ್‌ಗೆ ಕೊನೆಗೆ ಡಲ್ಲಾಸ್ ಕಡೆ ಗುತ್ತಿಗೆಯ ಕೆಲಸ ಸಿಕ್ಕಿತು. ಮೆಕಿನ್ನಿಯಲ್ಲಿ ಬಾಡಿಗೆ ಕೋಣೆ. ವಾರವಿಡೀ ಅಲ್ಲಿ, ಶುಕ್ರವಾರ ಸಂಜೆ ಕೇಟಿಗೆ ನಾಲ್ಕೂವರೆ ಗಂಟೆ ಡ್ರೈವ್.

ನನ್ನ ವಾದ ಸಿದ್ಧವಾಗಿತ್ತು. ವಾಷಿಂಗ್ಟನ್ನಿನಲ್ಲಿ ಆಗಲೇ ಧೋರಣೆ ಬದಲಾಗಿತ್ತು, ಆ ಅನುದಾನ ಹೇಗೂ ನಿಲ್ಲುತ್ತಿತ್ತು. ಒಂದು ವಾಕ್ಯದಿಂದ ಇಡೀ ವಿಭಾಗ ಮುಚ್ಚುತ್ತದೆಯೇ? ಇರಬಹುದು. ಸರ್ಕಾರದ ಹಣದ ಬಗ್ಗೆ ನನ್ನ ಅನುಮಾನ ಈಗಲೂ ಹೋಗಿಲ್ಲ. ಆದರೆ ಇಷ್ಟೆಲ್ಲ ವಾದಿಸುವಾಗ ಅರ್ಲ್‌ನ ಹೆಸರನ್ನು ನಾನು ಒಮ್ಮೆಯೂ ಎತ್ತುತ್ತಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಕೇಟಿಯಲ್ಲಿದ್ದೆ. ಆಂಟಿ ಬಡಿಸುತ್ತ ಹೇಳಿದರು: "ಅರ್ಲ್‌ನ ಹೆಂಡತಿ ತೀರಿಕೊಂಡಳಂತ. ಎರಡ್ ವಾರಾತು. ಇವರು ಹೋಗಲೇ ಇಲ್ಲ ನೋಡವಾ. ಒಂದ್ ಫೋನ್ ಸೈತ ಮಾಡಲಿಲ್ಲ."

ನಾನು ಅಂಕಲ್ ಕಡೆ ನೋಡಿದೆ.

"ಹೊಟ್ಟಿ ಮ್ಯಾಲ ಹೊಡದಾವನ ಮನಿಗೆ ಹೋಗಿ ಏನಂತ ಸಮಾಧಾನ ಹೇಳ್ಲಿ?" ಎಂದರು ಅಂಕಲ್. ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಷೀನ್ ಬಂದ್ ಬಿದ್ದದ್ದು ಪೂರಾ ಗೊತ್ತಿದ್ದಾವ್ರು ನಾವಿಬ್ಬರೇ. ಸರ್ಕಾರಕ್ಕ ಬರದದ್ದು ಬಿಟ್ರ, ಆ ಮಾತು ಇಂಗ್ಲಿಷ್‌ನ್ಯಾಗ ನಾ ಆಡಿದ್ದು ಅವನ ಮುಂದ ಮಾತ್ರ. ಬ್ಯಾರೆ ಎಲ್ಲಿ ಆಡೇನಿ? ಈ ಮನ್ಯಾಗ, ಕನ್ನಡದಾಗ."

ಆಗ ನನಗೆ ಅರ್ಥವಾಯಿತು. ಅವರು ನನ್ನನ್ನು ಯಾಕೆ ಅನುಮಾನಿಸಲಿಲ್ಲ ಎಂಬುದು ಒಂದೂವರೆ ವರ್ಷ ನನಗೇ ಒಗಟಾಗಿತ್ತು. ಈ ದೇಶದಲ್ಲಿ ನಾವೆಲ್ಲ ಹಾಗೆಯೇ ಬದುಕುತ್ತೇವೆ — ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಆಸ್ಪತ್ರೆಯಲ್ಲಿ, ಎದುರಿಗಿರುವವರ ಬಗ್ಗೆಯೇ ಕನ್ನಡದಲ್ಲಿ ಮಾತಾಡಿ ನಿಶ್ಚಿಂತರಾಗಿರುತ್ತೇವೆ. ಕನ್ನಡದಲ್ಲಿ ಆಡಿದ್ದು ಮನೆಯೊಳಗೇ ಇರುತ್ತದೆ ಎಂದು ಅಂಕಲ್ ನಂಬಿದ್ದರು. ಇಂಗ್ಲಿಷಿನಲ್ಲಿ ಕೇಳಿದ ಮಾತು ಇಂಗ್ಲಿಷಿನವನಿಂದಲೇ ಹೋಗಿರಬೇಕು ಎಂದುಕೊಂಡರು. ಬಾಗಿಲು ತೆರೆದವಳು ಒಳಗೇ ಕೂತು ಉಣ್ಣುತ್ತಿದ್ದಳು.

ಅಂದೂ ಬಾಯಿ ಬಿಡಲಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮುಂದಿನ ಭಾನುವಾರ ಹೋದೆ. ಅಂಕಲ್ ಮೆಕಿನ್ನಿಗೆ ಹೊರಡಲು ಕಾರಿನ ಡಿಕ್ಕಿಗೆ ಇಸ್ತ್ರಿ ಮಾಡಿದ ಅಂಗಿಗಳನ್ನು ಜೋಡಿಸುತ್ತಿದ್ದರು. ಅಲ್ಲೇ ನಿಂತು ಹೇಳಿದೆ. ಪೀಠಿಕೆ ಇಲ್ಲದೆ, ಒಂದೇ ಉಸಿರಿಗೆ.

ಅವರ ಕೈ ಅಂಗಿಯ ಮೇಲೆ ಹಾಗೇ ನಿಂತಿತು.

"ನಾ ನಿನಗ ಪೂರಾ ಹೇಳಿದ್ನಲ್ಲವಾ?"

"ಹೇಳಿದ್ರಿ ಅಂಕಲ್."

"ಅರ್ಲ್ ಓಡಿ ಬಂದದ್ದು?"

"ಬಿಟ್ಟೆ."

"ನಾ ಬರದು ತಿಳಿಸಿದ್ದು?"

"ಅದನ್ನೂ."

ಬೈಯಲಿಲ್ಲ. ಬೈದಿದ್ದರೆ — ನನಗೆ ಬೈಗುಳಕ್ಕೆ ಉತ್ತರ ಕೊಡುವುದು ಗೊತ್ತು. ಡಿಕ್ಕಿಯ ಅಂಚಿಗೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ಅವನ ಹೆಂಡತಿ ಮಣ್ಣಿಗೆ ಹೋಗಲಿಲ್ಲಲ್ಲವಾ ನಾ..." ಎಂದರು. ಅದು ನನಗೆ ಹೇಳಿದ್ದಲ್ಲ. ಆಮೇಲೆ ಎದ್ದು, "ಗಾಡಿ ಹತ್ತು. ಅವನ ಮುಂದ ನೀನೇ ಹೇಳಬೇಕು" ಎಂದರು.

ಅರ್ಲ್ ಮನೆ ಫುಲ್‌ಶೀರ್ ಎಂಬ ಊರು ದಾಟಿದ ಮೇಲೆ, ಹೊಸ ಬಡಾವಣೆಗಳು ಇನ್ನೂ ಮುಟ್ಟದ ಕಡೆ. ಬಾಗಿಲು ತೆರೆದ ಅರ್ಲ್, ಅಂಕಲ್ ಅವರನ್ನು ಕಂಡದ್ದೇ ತಬ್ಬಿಕೊಂಡ. ತುಂಬ ಇಳಿದುಹೋಗಿದ್ದ. "ಡಲ್ಲಾಸ್ ನಿನ್ನನ್ನು ನುಂಗಿಯೇ ಬಿಟ್ಟಿತು ಅಂದುಕೊಂಡಿದ್ದೆ ಗುರು" ಎಂದ. ನಗುತ್ತಿದ್ದ. ಕಣ್ಣು ಒದ್ದೆಯಾಗಿತ್ತು.

ನಾನು ಹೇಳಿದೆ. ಈ ಸಲ ವಾಕ್ಯವನ್ನು ಕೊನೆಯವರೆಗೂ ಹೇಳಿದೆ. ನಾಳೆಯೇ ಕೆಲಸ ಬಿಡುತ್ತೇನೆ, ನನ್ನ ಹೆಸರು ಹಾಕಿ ಪೂರ್ತಿ ಮಾತನ್ನು ಅನುದಾನದ ಸರ್ಕಾರಿ ಕಚೇರಿಗೆ ಕಳಿಸುತ್ತೇನೆ ಎಂದೆ. ಎರಡನ್ನೂ ಮಾಡಿದ್ದೇನೆ, ಅದರಿಂದ ಯಾರ ಕೆಲಸವೂ ಮರಳಿ ಬಂದಿಲ್ಲ. ಅಂಕಲ್ ಇದುವರೆಗೂ ನಿಮ್ಮನ್ನೇ ತಪ್ಪು ತಿಳಿದಿದ್ದರು, ತಪ್ಪು ಅವರದಲ್ಲ, ನನ್ನದು — ಎಂದೂ ಸೇರಿಸಿದೆ. ನ್ಯಾಯವಾದ ಮಾತು ಎಂದುಕೊಂಡೇ ಸೇರಿಸಿದೆ.

ಅರ್ಲ್ ನನ್ನ ಕಡೆ ನೋಡಲೇ ಇಲ್ಲ. ಅವನ ಮುಖ ನಿಧಾನವಾಗಿ ಅಂಕಲ್ ಕಡೆ ತಿರುಗಿತು.

"ಅಂದರೆ... ಇಷ್ಟು ದಿನ ನೀನು ಬರದೇ ಇದ್ದದ್ದು — ಅದು ನಾನು ಅಂತಲಾ, ಗುರು?"

ಅವನಿಗೆ ಗೊತ್ತೇ ಇರಲಿಲ್ಲ. ಗೆಳೆಯ ದೂರದ ಊರಲ್ಲಿ ಕೆಲಸದಲ್ಲಿ ಮುಳುಗಿದ್ದಾನೆ ಎಂದು ತಿಳಿದು, ಅಷ್ಟರಲ್ಲೇ ಸಮಾಧಾನವಾಗಿದ್ದ. ಅದನ್ನೂ ನಾನು ಅವನ ಹೊಸಿಲ ಮೇಲೆ ನಿಂತು ಕಿತ್ತುಕೊಂಡೆ.

ಅಂಕಲ್ ತಲೆ ತಗ್ಗಿಸಿದರು. ಅರ್ಲ್ ತಲೆಯಾಡಿಸಿ ಒಳಗೆ ಹೋದ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅಂಕಲ್ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನೀ ಹೋಗಿ ಅತ್ತ ನಿಂದ್ರು. ನಾ ಇಲ್ಲೇ ಇರ್ತೀನಿ, ಅವಾ ಬರೂತನಕ" ಎಂದರು.

ನಾನು ರಸ್ತೆಗುಂಟ ನಡೆದೆ. ಆ ಬಾಗಿಲು ತೆರೆದು ಅವರಿಬ್ಬರು ಏನೇ ಮಾತಾಡಿಕೊಂಡರೂ ನನಗೆ ಕೇಳಿಸದಷ್ಟು ದೂರ ಹೋಗಿ, ಅವರಿಗೆ ಬೆನ್ನು ಮಾಡಿ ನಿಂತೆ.